ಥರ್ಮೋಕೋಲ್ ವಿಜ್ಞಾನ ಮತ್ತು ಒಂದು ದಿನದ ಅತಿಥಿಗಳು

ಥರ್ಮೋಕೋಲ್ ಮುಟ್ಟದೆ ಒಂದೇ ಒಂದು ಶಾಲೆಯ ವಿಜ್ಞಾನ ವಸ್ತು ಪ್ರದರ್ಶನ ಮಾಡಿ ತೋರಿಸಿ, ನಿಮಗೊಂದು ಮಸಾಲೆ ದೋಸೆ ನನ್ನ ಕಡೆಯಿಂದ!

ತಮಾಷೆ ಅಲ್ಲ. ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಆದರೂ 'ಪ್ಲಾಸ್ಟಿಕ್ ತ್ಯಜಿಸಿ, ಪರಿಸರ ಉಳಿಸಿ' ಅನ್ನುವ ಮಾಡೆಲ್ ನಿಂತಿರುವುದು ಥರ್ಮೋಕೋಲ್ ಶೀಟಿನ ಮೇಲೇ. ಪಕ್ಕದಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದರೆ ಉಕ್ಕುವ ಜ್ವಾಲಾಮುಖಿ. ಅದರಾಚೆ ಸಿರಿಂಜಿನಲ್ಲಿ ಬಣ್ಣದ ನೀರು ತುಂಬಿದ ಜೇಸಿಬಿ. ಇನ್ನೊಂದು ಮೂಲೆಯಲ್ಲಿ ಮಳೆನೀರು ಕೊಯ್ಲಿನ ಮನೆ. ಹತ್ತಿರ ಹೋದರೆ ಸಾಕು, ಕೀ ಕೊಟ್ಟ ಹಾಗೆ 'ಗುಡ್ ಮಾರ್ನಿಂಗ್ ಸರ್, ಮೈ ಮಾಡೆಲ್ ಈಸ್...' ಶುರು. ಮಧ್ಯೆ ಒಂದು ಪ್ರಶ್ನೆ ಕೇಳಿದಿರೋ ಮುಗೀತು. ಪಾಪ, ಆ ಮಗು ಮತ್ತೆ ಮೊದಲ ಸಾಲಿನಿಂದ ಶುರು ಮಾಡಬೇಕು.

ನಾನು ಬಯ್ಯುತ್ತಿರುವುದು ಮಗುವನ್ನಲ್ಲ. ಮೇಷ್ಟ್ರನ್ನೂ ಅಲ್ಲ. ನನ್ನ ಸಿಟ್ಟು ಅಲ್ಲಿಗೆ 'ಸಹಾಯ ಮಾಡಲು' ಹೋಗುವ ನಮ್ಮ ಕಸುಬಿನವರ ಮೇಲೆ.

ನಮ್ಮವರ ಸಹಾಯ ಹೇಗಿರುತ್ತೆ ಹೇಳಿ? ವರ್ಷಕ್ಕೊಂದು ಶನಿವಾರ, ಎಲ್ಲರಿಗೂ ಒಂದೇ ಬಣ್ಣದ ಟೀಶರ್ಟು. ಬಸ್ಸಿನಲ್ಲಿ ಹೋಗಿ ಇಳಿದರೆ ಮಕ್ಕಳು ಸಾಲಾಗಿ ನಿಂತು ಹೂ ಕೊಡುತ್ತಾರೆ. ನಾವು ತೀರ್ಪುಗಾರರು! ಒಂದೊಂದು ಮೇಜಿಗೆ ಎರಡೆರಡು ನಿಮಿಷ, ಬಹುಮಾನ, ಭಾಷಣ, ಉಪ್ಪಿಟ್ಟು ಕೇಸರಿಬಾತು, ಗ್ರೂಪ್ ಫೋಟೋ. ಸಂಜೆ ಟ್ರಾಫಿಕ್ ಶುರುವಾಗುವ ಮೊದಲು ಬೆಂಗಳೂರು ಸೇರಬೇಕು.. ಮುಗೀತು ಸಮಾಜಸೇವೆ.

ಎರಡು ವರ್ಷದ ಹಿಂದೆ ತುಮಕೂರು ಕಡೆಯ ಒಂದು ಶಾಲೆಗೆ ನನ್ನನ್ನೂ ಹೀಗೇ ಕರೆದಿದ್ದರು. ಮೂರು ಜನ ತೀರ್ಪುಗಾರರು. ಕೊನೆಯ ಮೇಜಿನಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎರಡು ಗಾಜಿನ ಲೋಟ, ಒಂದು ನೋಟ್‌ಬುಕ್ ಇಟ್ಟುಕೊಂಡು ನಿಂತಿದ್ದಳು. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಯಾಕೆ ಉಬ್ಬಲ್ಲ ಅನ್ನುವುದು ಅವಳ ಪ್ರಶ್ನೆ. ಒಂದೇ ಹಿಟ್ಟನ್ನು ಎರಡು ಲೋಟಕ್ಕೆ ಸಮನಾಗಿ ಹಾಕಿ, ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ, ಒಂದನ್ನು ಒಲೆ ಹತ್ತಿರ, ಇನ್ನೊಂದನ್ನು ಕಿಟಕಿ ಹತ್ತಿರ ಇಟ್ಟಿದ್ದಳು. ಗಂಟೆಗೊಮ್ಮೆ ಸ್ಕೇಲಿನಲ್ಲಿ ಅಳೆದು ಬರೆದಿದ್ದಳು. ಮೂರು ದಿನ ಹಾಗೇ ಮಾಡಿದ್ದಾಳೆ. ಎರಡನೇ ದಿನದ ಲೆಕ್ಕ ಸರಿ ಬರಲಿಲ್ಲವಂತೆ. "ಅವತ್ತು ಅಮ್ಮ ಒಲೆ ಬೇಗ ಆರಿಸಿಬಿಟ್ರು ಸರ್" ಅಂದಳು. ನೋಡಿ, ವಿಜ್ಞಾನ ಅಂದ್ರೆ ಇದು! ಲೆಕ್ಕ ತಪ್ಪಿದ್ದನ್ನು ಅಳಿಸದೆ, ಯಾಕೆ ತಪ್ಪಿತು ಅಂತ ಹುಡುಕಿದ್ದಾಳೆ.

ನಾನು ಅವಳಿಗೇ ಮೊದಲ ಬಹುಮಾನ ಅಂದೆ. ಇನ್ನಿಬ್ಬರು ಒಪ್ಪಲಿಲ್ಲ. 'ಡೆಕೊರೇಷನ್ ಇಲ್ಲ, ಮಾಡೆಲ್ಲೇ ಇಲ್ಲವಲ್ಲ' ಅಂದರು. ಜ್ವಾಲಾಮುಖಿಗೆ ಮೊದಲ ಬಹುಮಾನ, ಇಡ್ಲಿ ಹಿಟ್ಟಿಗೆ ಸಮಾಧಾನಕರ ಬಹುಮಾನ. ಮುಂದಿನ ವರ್ಷ ಆ ಹುಡುಗಿ ಏನು ತರುತ್ತಾಳೆ ಅಂತ ಊಹಿಸಲು ಇಂಜಿನಿಯರಿಂಗ್ ಓದಿರಬೇಕಿಲ್ಲ, ಅಲ್ವಾ?

ಹೊರಡುವಾಗ ಅಲ್ಲಿಯ ಸೈನ್ಸ್ ಮೇಡಂ ಹೇಳಿದ ಮಾತು ಚುಚ್ಚಿತು. "ನೀವೆಲ್ಲ ಬರೋದು ಪ್ರದರ್ಶನದ ದಿನ ಸರ್. ನಮಗೆ ಜನ ಬೇಕಾಗೋದು ಅದಕ್ಕಿಂತ ಒಂದು ತಿಂಗಳು ಮುಂಚೆ."

ಮೇಡಂ ಹೇಳಿದ್ದು ನೂರಕ್ಕೆ ನೂರು ಸತ್ಯ. ಸರ್ಕಾರಿ ಶಾಲೆಯ ವಿಜ್ಞಾನ ಶಿಕ್ಷಕರ ದಿನ ಹೇಗಿರುತ್ತೆ ಅಂತ ಒಮ್ಮೆ ಹೋಗಿ ನೋಡಿ. ಪಾಠದ ಜೊತೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಪ್ರತಿಭಾ ಕಾರಂಜಿ, ಚುನಾವಣೆ ಡ್ಯೂಟಿ. ನಡುವೆ 'ಮುಂದಿನ ವಾರ ಪ್ರದರ್ಶನ' ಅಂತ ಒಂದು ಸುತ್ತೋಲೆ. ಒಂದು ವಾರದಲ್ಲಿ ಒಬ್ಬರೇ ನಲವತ್ತು ಮಕ್ಕಳಿಂದ ಏನು ಮಾಡಿಸಲು ಆಗುತ್ತೆ? ಅಂಗಡಿಯಿಂದ ರೆಡಿಮೇಡ್ ಕಿಟ್, ಕಂಠಪಾಠ. ಅವರ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ.

ಈ ರೋಗ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಇಂಜಿನಿಯರಿಂಗ್ ಮಾಡಿದವರಿಗೆ ಚೆನ್ನಾಗಿ ಗೊತ್ತು. ಫೈನಲ್ ಇಯರ್ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುವುದು ನಮ್ಮಲ್ಲಿ ಗುಟ್ಟೇನಲ್ಲ. ರಿಪೋರ್ಟು, ಬೈಂಡಿಂಗ್, ವೈವಾ ಪ್ರಶ್ನೆಗಳಿಗೆ ಉತ್ತರ, ಎಲ್ಲಾ ಸೇರಿ ಒಂದು ಪ್ಯಾಕೇಜ್ :) ಏಳನೇ ಕ್ಲಾಸಿನ ಥರ್ಮೋಕೋಲ್ ಮನೆಯೇ ಬೆಳೆದು ಹೀಗಾಗುವುದು.

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಎಷ್ಟೋ ಶಾಲೆಗಳಲ್ಲಿ ಪ್ರದರ್ಶನ ಇಡುತ್ತಾರೆ. ಆ ದಿನ ಯಾಕೆ? 1928ರ ಫೆಬ್ರವರಿ 28 ರಾಮನ್ ಪರಿಣಾಮ ಗೊತ್ತಾದ ದಿನ. ಆದರೆ ಕಥೆ ಶುರುವಾಗಿದ್ದು 1921ರಲ್ಲಿ, ಹಡಗಿನಲ್ಲಿ ಕೂತು ಮೆಡಿಟರೇನಿಯನ್ ಸಮುದ್ರ ನೋಡುತ್ತಿದ್ದ ಸಿ.ವಿ. ರಾಮನ್‌ಗೆ 'ಇದು ಇಷ್ಟು ನೀಲಿ ಯಾಕೆ?' ಅನ್ನಿಸಿದಾಗ. ಪ್ರಶ್ನೆಯಿಂದ ಉತ್ತರಕ್ಕೆ ಏಳು ವರ್ಷ! ಅದೇ ರಾಮನ್ ಫೋಟೋವನ್ನು ಥರ್ಮೋಕೋಲಿಗೆ ಅಂಟಿಸಿ ನಾವು ಒಂದು ಪ್ರಶ್ನೆಯನ್ನೂ ಕೇಳದ ಹಬ್ಬ ಮಾಡುತ್ತೇವೆ.

'ಹಳ್ಳಿ ಮಕ್ಕಳ ಕೈಲಿ ಸಂಶೋಧನೆ ಎಲ್ಲಾ ಆಗುತ್ತಾ ಗುರು?' ಅನ್ನುವವರಿದ್ದಾರೆ. ಆಗುತ್ತೆ. 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ನಿಂತಿದ್ದೇ ಆ ನಂಬಿಕೆಯ ಮೇಲೆ. 10ರಿಂದ 17 ವರ್ಷದ ಮಕ್ಕಳು ತಂಡ ಕಟ್ಟಿಕೊಂಡು, ತಮ್ಮೂರಿನ ನೀರು, ಮಣ್ಣು, ಬೆಳೆಗಳನ್ನೇ ಅಧ್ಯಯನ ಮಾಡಿ, ತಮ್ಮದೇ ಭಾಷೆಯಲ್ಲಿ ವರದಿ ಕೊಡಬಹುದು ಅನ್ನುವುದು ಅದರ ರೀತಿ. ನಮ್ಮ ರಾಜ್ಯದಲ್ಲಿ ಅದನ್ನು ವರ್ಷಗಟ್ಟಲೆ ನಡೆಸಿದ್ದು 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು.

'ದುಡ್ಡಿಲ್ಲ' ಅನ್ನುವುದೂ ಪೂರ್ತಿ ನಿಜವಲ್ಲ. ಇನ್‌ಸ್ಪೈರ್-ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿನ ಬ್ಯಾಂಕ್ ಖಾತೆಗೇ 10,000 ರೂಪಾಯಿ ಬರುತ್ತೆ. ಆದರೆ ಆಯ್ಕೆಯಾಗಲು ಮೊದಲು ಮಗುವಿನ ತಲೆಯಲ್ಲಿ ಒಂದು ಐಡಿಯಾ ಹುಟ್ಟಬೇಕು. ಅದು ಹುಟ್ಟುವ ತನಕ ಜೊತೆ ಕೂರಲು ಮೇಷ್ಟ್ರಿಗೆ ಸಮಯವಿಲ್ಲ. ನಾವು ಕೊಡಬಹುದಾದದ್ದು ಅದನ್ನೇ.

ಬರೀ ಬಯ್ದರೆ ಆಗಲಿಲ್ಲ, ನಾನು ಹೇಳುವುದು ಇಷ್ಟು.

ಫೆಬ್ರವರಿಯ ಪ್ರದರ್ಶನಕ್ಕೆ ಜನವರಿ ಮೊದಲ ವಾರವೇ ಹೋಗಿ. ಮಕ್ಕಳಿಂದ ಬರೀ ಪ್ರಶ್ನೆ ಬರೆಸಿ. ಮಡಕೆ ನೀರು ಯಾಕೆ ತಣ್ಣಗಿರುತ್ತೆ? ಶಾಲೆಯ ನಲ್ಲಿ ದಿನಕ್ಕೆ ಎಷ್ಟು ಬಿಂದಿಗೆ ಸೋರುತ್ತೆ? ಎರಡನೇ ವಾರ ಮೇಷ್ಟ್ರ ಜೊತೆ ಕೂತು, ಅಳೆಯಲು ಆಗುವ ಪ್ರಶ್ನೆಗಳನ್ನು ಆರಿಸಿ. ಆಯ್ಕೆ ಅವರದ್ದು, ನೀವು ಬರೀ ಎಡಗೈ. ಆಮೇಲೆ ಮೂರು ವಾರ ಮಕ್ಕಳು ಅಳೆದು ಬರೆಯಲಿ. ಒಂದನ್ನು ಮಾತ್ರ ಬದಲಾಯಿಸು, ಉಳಿದದ್ದೆಲ್ಲ ಹಾಗೇ ಇರಲಿ, ಮೂರು ಸಲ ಮಾಡು. ಇದಿಷ್ಟು ಕಲಿಸಿದರೆ ಸಾಕು. ಥರ್ಮಾಮೀಟರ್, ಅಳತೆ ಟೇಪು, ನೋಟ್‌ಬುಕ್ಕಿಗೆ ಆಗುವ ಖರ್ಚು ನಿಮ್ಮ ಟೀಶರ್ಟಿನ ಖರ್ಚಿಗಿಂತ ಕಡಿಮೆ. ಕೊನೆಯ ವಾರ ಚಾರ್ಟು ಬರೆಸಿ, ಕನ್ನಡದಲ್ಲಿ. ಮೇಷ್ಟ್ರ ತಲೆ ಮೇಲಿರುವ ಟೈಪಿಂಗ್, ಪ್ರಿಂಟ್, ಎಕ್ಸೆಲ್ ಶೀಟು ನೀವು ತೆಗೆದುಕೊಳ್ಳಿ. ನಮ್ಮ ಕಸುಬೇ ಅದಲ್ವಾ!

ಅಂಕದ ಹಾಳೆಯನ್ನೂ ಬದಲಿಸಿ. ಪ್ರಶ್ನೆಗೆ ಅಂಕ, ಅಳತೆಗೆ ಅಂಕ, ಮಗು ತಾನೇ ಬರೆದ ನೋಟ್‌ಬುಕ್ಕಿಗೆ ಅಂಕ. ಅಲಂಕಾರಕ್ಕೆ ಸೊನ್ನೆ.

'ಮಾಡೆಲ್ ಮಾಡುವುದರಲ್ಲೂ ಕಲಿಕೆ ಇದೆಯಲ್ಲ?' ಅಂತ ಕೇಳುತ್ತೀರಿ. ಇದೆ. ಮಗು ತಾನೇ ಮಾಡಿ, ಅದು ಕೆಟ್ಟು, ಮತ್ತೆ ತಾನೇ ಸರಿಮಾಡಿದ್ದರೆ ಖಂಡಿತ ಇದೆ. ಅಪ್ಪ ಅಂಗಡಿಯಿಂದ ತಂದು, ಅಮ್ಮ ರಾತ್ರಿ ಹನ್ನೊಂದಕ್ಕೆ ಗ್ಲಿಟರ್ ಹಚ್ಚಿದ್ದರೆ ಕಲಿತವರು ಅಪ್ಪ ಅಮ್ಮ.

ಈ ಸಲ ಯಾವುದಾದರೂ ಶಾಲೆಯವರು ಮುಖ್ಯ ಅತಿಥಿಯಾಗಿ ಬನ್ನಿ ಅಂತ ಕರೆದರೆ ಒಂದು ಮಾತು ಹೇಳಿ ನೋಡಿ: "ಆ ದಿನ ಬರಲ್ಲ ಮೇಡಂ, ಒಂದು ತಿಂಗಳು ಮೊದಲೇ ಬರ್ತೀನಿ. ಹಾರ ಬೇಡ."

ಎಷ್ಟು ಜನ ರೆಡಿ ಇದ್ದೀರಿ?