ಸಹಿಗೆ ಮುನ್ನ ದೊರೆಯಬೇಕಾದ ವಕೀಲರು

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಂತಹ ಗ್ರಾಮದಲ್ಲಿ ಶಾಸನವೆಂಬುದು ಸಾಮಾನ್ಯ ಗೃಹಸ್ಥನ ಮನೆಯ ಹೊಸ್ತಿಲನ್ನು ದಾಟಿ ಒಳಕ್ಕೆ ಬರುವುದು ಒಂದು ಬಿಡಿ ಕಾಗದದ ರೂಪದಲ್ಲಿ. ಬೆಳೆಸಾಲದ ಬಾಕಿಗಾಗಿ ಬ್ಯಾಂಕಿನವರು ಕಳುಹಿಸಿದ ನೋಟಿಸು, ಅಣ್ಣತಮ್ಮಂದಿರ ವಿಭಾಗದ ದಾವೆಯಲ್ಲಿ ನ್ಯಾಯಾಲಯದಿಂದ ಹೊರಟ ಸಮನ್ಸು, ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗಾಗಿ ಕೊಡಬೇಕಾದ ವಂಶವೃಕ್ಷ, ತಂಗಿಯ ಸಹಿಗಾಗಿ ಸಿದ್ಧವಾಗಿ ಬಂದಿರುವ ಹಕ್ಕು ಖುಲಾಸೆ ಪತ್ರ, ಇವುಗಳಲ್ಲಿ ಯಾವುದೋ ಒಂದು ಕೈಗೆ ಬಂದ ದಿನ, ಅದನ್ನು ಓದಿ ಅರ್ಥ ಹೇಳಬಲ್ಲವರು ಯಾರೆಂದು ಆ ಮನೆಯವರು ಊರೊಳಗೆ ಹುಡುಕತೊಡಗುತ್ತಾರೆ. ಮೊದಲು ಶಾಲೆಯ ಮೇಷ್ಟ್ರು, ಆಮೇಲೆ ಪತ್ರ ಬರಹಗಾರ, ಆಮೇಲೆ ಹಿಂದೊಮ್ಮೆ ಕೋರ್ಟು ಕಂಡು ಬಂದ ನೆಂಟ, ಕೊನೆಗೆ ಊರಿನ ಮುಖಂಡ. ಇಷ್ಟು ಜನರ ಕೈದಾಟಿ ಆ ಕಾಗದವು ವಕೀಲರೊಬ್ಬರ ಮೇಜನ್ನು ತಲುಪುವ ವೇಳೆಗೆ, ಉತ್ತರ ಕೊಡುವುದಕ್ಕೆ ಶಾಸನವು ಗೊತ್ತುಮಾಡಿದ ಕಾಲ ಕಳೆದುಹೋಗಿರುವುದುಂಟು. ಆದಕಾರಣ, ವಾರಕ್ಕೊಮ್ಮೆ ಗೊತ್ತಾದ ಒಂದು ದಿನ, ಗೊತ್ತಾದ ವೇಳೆಯಲ್ಲಿ, ಸ್ವಯಂಸೇವೆಗೆ ಮುಂದೆ ಬಂದ ನ್ಯಾಯವಾದಿಯೊಬ್ಬರು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿಯೇ ಕುಳಿತು, ಬಂದವರ ಕಾಗದವನ್ನು ಓದಿ, ಅದರ ಅರ್ಥವನ್ನೂ ಮುಂದಿಡಬೇಕಾದ ಹೆಜ್ಜೆಯನ್ನೂ ತಿಳಿಸುವ ಏರ್ಪಾಡು ಆಗಬೇಕೆಂಬುದು ಈ ಲೇಖನದ ಸೂಚನೆ.

ಇದು ಯಾರ ಔದಾರ್ಯವನ್ನೂ ಯಾಚಿಸುವ ಮಾತಲ್ಲ. ದಾರಿದ್ರ್ಯದ ಕಾರಣದಿಂದಾಗಲಿ ಮತ್ತಾವ ಅಶಕ್ತತೆಯಿಂದಾಗಲಿ ಯಾವ ಪ್ರಜೆಯೂ ನ್ಯಾಯದಿಂದ ವಂಚಿತನಾಗಬಾರದೆಂಬ ಉದ್ದೇಶದಿಂದ, ಉಚಿತ ಕಾನೂನು ನೆರವನ್ನು ರಾಜ್ಯದ ಕರ್ತವ್ಯವನ್ನಾಗಿ ಮಾಡಿದ 39ಎ ವಿಧಿಯು 1976ರ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನವನ್ನು ಸೇರಿತು. ವಿಚಾರಣೆಯನ್ನೇ ಕಾಣದೆ ಬಿಹಾರದ ಸೆರೆಮನೆಗಳಲ್ಲಿ ವರ್ಷಗಟ್ಟಲೆ ಉಳಿದುಹೋಗಿದ್ದ ಬಡಜನರ ವಿಷಯವನ್ನು 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ವಿಚಾರಿಸಿದ ಸರ್ವೋಚ್ಚ ನ್ಯಾಯಾಲಯವು, ವಕೀಲರನ್ನಿಟ್ಟುಕೊಳ್ಳಲಾರದ ಆಪಾದಿತನಿಗೆ ಉಚಿತವಾಗಿ ವಕೀಲರನ್ನು ಒದಗಿಸುವುದು ಜೀವಸ್ವಾತಂತ್ರ್ಯಗಳ ಹಕ್ಕಿನಲ್ಲಿಯೇ ಅಂತರ್ಗತವಾದುದೆಂದು ನಿರ್ಣಯಿಸಿತು. ಮುಂದೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು 1995ರ ನವೆಂಬರ್ 9ರಂದು ಜಾರಿಗೆ ಬಂದು, ದೆಹಲಿಯಿಂದ ತಾಲ್ಲೂಕಿನವರೆಗೆ ಸಂಸ್ಥೆಗಳ ಒಂದು ಶ್ರೇಣಿಯನ್ನೇ ನಿರ್ಮಿಸಿತು. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು, ಬಂಧನದಲ್ಲಿರುವವರು, ಸಾಮೂಹಿಕ ದುರಂತಕ್ಕೆ ಸಿಕ್ಕವರು, ಇವರೆಲ್ಲ ತಮ್ಮ ವರಮಾನವೆಷ್ಟೆಂದು ತೋರಿಸಬೇಕಾದ ಅಗತ್ಯವಿಲ್ಲದೆಯೇ ಆ ನೆರವಿಗೆ ಹಕ್ಕುದಾರರು. ಉಳಿದವರಿಗೆ ಮಾತ್ರ ಸರ್ಕಾರ ಗೊತ್ತುಪಡಿಸಿದ ವಾರ್ಷಿಕ ವರಮಾನದ ಮಿತಿಯುಂಟು. ಪ್ರತಿ ತಾಲ್ಲೂಕಿನ ಸಮಿತಿಗೂ ಅಲ್ಲಿನ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು.

ಶಾಸನ ಇಷ್ಟು ಉದಾರವಾಗಿರುವಾಗ ಕೊರತೆ ಎಲ್ಲಿ? ನೆರವು ನಿಂತಿರುವ ಸ್ಥಳದಲ್ಲಿ. ತಾಲ್ಲೂಕು ಸಮಿತಿಯ ಕಚೇರಿಯಿರುವುದು ನ್ಯಾಯಾಲಯದ ಆವರಣದಲ್ಲಿ. ನಮ್ಮ ಸೀಮೆಯ ರೈತಾಪಿ ಜನರಿಗಾದರೋ ಕೋರ್ಟಿನ ಮೆಟ್ಟಿಲು ಹತ್ತುವುದೆಂದರೆ ಮನೆತನದ ಮರ್ಯಾದೆ ಬೀದಿಗೆ ಬಿದ್ದಂತೆ. ತನ್ನ ಗಂಡನ ಹೊಡೆತವನ್ನಾಗಲಿ ಅಣ್ಣನ ಅನ್ಯಾಯವನ್ನಾಗಲಿ ಯಾರಿಗೂ ತಿಳಿಯದಂತೆ ಒಬ್ಬ ತಿಳಿದವರಲ್ಲಿ ನಿವೇದಿಸಿಕೊಳ್ಳಬೇಕೆಂದಿರುವ ಹೆಣ್ಣುಮಗಳು, ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸು ಹಿಡಿದು, ಪಾಂಡವಪುರದ ನ್ಯಾಯಾಲಯದ ಮುಂದೆ ಇಳಿದರೆ, ಅದನ್ನು ಕಂಡ ಊರಿನವರೊಬ್ಬರು ಆಕೆ ಮರಳುವ ಮೊದಲೇ ಸುದ್ದಿಯನ್ನು ಮನೆಗೆ ಮುಟ್ಟಿಸಿರುತ್ತಾರೆ. ಗ್ರಂಥಾಲಯಕ್ಕೆ ಹೋದವರನ್ನು ಏಕೆ ಹೋದಿರೆಂದು ಯಾರೂ ಕೇಳುವುದಿಲ್ಲ. ಮಗುವನ್ನು ಕರೆದುಕೊಂಡು ಬರುವ ನೆಪದಿಂದ ಹೋಗಬಹುದು, ಪತ್ರಿಕೆ ನೋಡುವ ನೆಪದಿಂದ ಕೂರಬಹುದು. ಸಾರ್ವಜನಿಕ ಕಟ್ಟಡಗಳೊಳಗೆ ಶಂಕೆಗೂ ಅಂಜಿಕೆಗೂ ಎಡೆಗೊಡದೆ ಸರ್ವರನ್ನೂ ಒಳಗೊಳ್ಳುವ ಕಟ್ಟಡ ಗ್ರಾಮದಲ್ಲಿ ಇದೊಂದೇ ಎಂದರೆ ಅತಿಶಯೋಕ್ತಿಯಲ್ಲ. ದೇವಸ್ಥಾನಕ್ಕೂ ಈ ಕೀರ್ತಿ ಎಲ್ಲ ಊರುಗಳಲ್ಲಿಯೂ ಇನ್ನೂ ಸಂದಿಲ್ಲ.

ಕಾಲದ ಪ್ರಶ್ನೆ ಸ್ಥಳದ ಪ್ರಶ್ನೆಗಿಂತಲೂ ಗುರುತರವಾದದ್ದು. ಸಿವಿಲ್ ದಾವೆಯ ಸಮನ್ಸೊಂದನ್ನು ಕೈಗೆತ್ತಿಕೊಂಡು ನೋಡಿ. ಮೇಲ್ಗಡೆ ದಾವೆಯ ನಂಬರು, ಕೆಳಗೆ ವಾದಿಯ ಹೆಸರು, ಅದರ ಕೆಳಗೆ ಪ್ರತಿವಾದಿಗಳೆಂದು ಸಂಖ್ಯೆ ಹಾಕಿದ ನಾಲ್ಕಾರು ಹೆಸರುಗಳು, ಬಳಿಕ ಹಾಜರಾಗತಕ್ಕ ದಿನಾಂಕ, ನ್ಯಾಯಾಲಯದ ಮೊಹರು, ಹಿಂದುಗಡೆ ಲಗತ್ತಾದ ವಾದಪತ್ರ. ತನ್ನ ಹೆಸರು ನಾಲ್ಕನೆಯದಾಗಿರುವುದನ್ನು ಕಂಡ ರೈತನು, ಮೊದಲಿನ ಮೂವರು ನೋಡಿಕೊಳ್ಳುತ್ತಾರೆಂದು ಸಮಾಧಾನ ತಂದುಕೊಂಡು ಅದನ್ನು ಸೂರಿನ ಸಂದಿಗೆ ಸಿಕ್ಕಿಸಿಬಿಡುತ್ತಾನೆ. ಆದರೆ ಸಮನ್ಸು ಕೈಸೇರಿದ ದಿನದಿಂದ 30 ದಿನಗಳೊಳಗೆ ಲಿಖಿತ ಪ್ರತ್ಯುತ್ತರವನ್ನು ಸಲ್ಲಿಸಬೇಕು. ನ್ಯಾಯಾಲಯವು ಕಾರಣವನ್ನು ಒಪ್ಪಿದರೆ ಅದು 90 ದಿನಗಳವರೆಗೆ ವಿಸ್ತರಿಸಬಹುದು. ಹಾಜರಾಗದೆಯೇ ಉಳಿದರೆ ಏಕಪಕ್ಷೀಯ ತೀರ್ಪು. ಆ ತೀರ್ಪನ್ನು ಹಿಂದೆಗೆಸುವುದಕ್ಕೆ ಬೇಕಾಗುವ ಖರ್ಚು, ಅಲೆದಾಟ, ವಾಯಿದೆಗಳ ಮೇಲೆ ವಾಯಿದೆ, ಇವೆಲ್ಲವನ್ನೂ, ಮೊದಲ ವಾರದಲ್ಲಿ ಆ ಕಾಗದವನ್ನು ಕಾಲುಗಂಟೆ ಓದಿ ಹೇಳುವ ಒಬ್ಬ ವಕೀಲರು ತಪ್ಪಿಸಬಹುದಾಗಿತ್ತು. ಕೈಸಾಲಕ್ಕಾಗಿ ಕೊಟ್ಟ ಖಾಲಿ ಚೆಕ್ಕಿನ ಕಥೆಯೂ ಹೀಗೆಯೇ. ಚೆಕ್ಕು ಅಮಾನ್ಯವಾಗಿ, ವಕೀಲರ ನೋಟಿಸು ಬಂದ ಮೇಲೆ ಹಣ ಸಲ್ಲಿಸುವುದಕ್ಕೆ ಇರುವುದು 15 ದಿನ. ಆ ನೋಟಿಸಿಗೆ ಉತ್ತರ ಬರೆಯದಿರುವುದು ಎಷ್ಟು ಅಪಾಯಕರವೆಂಬುದನ್ನು ಹಳ್ಳಿಯಲ್ಲಿ ತಿಳಿದವರು ವಿರಳ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ, ಕಿರುಸಾಲದ ವಸೂಲಿಗಾಗಿ ಮನೆಯ ಮುಂದೆ ಬಂದು ನಿಂತು ಪೀಡಿಸುವುದನ್ನು ನಿರ್ಬಂಧಿಸಿತು. ವಾರದ ಕಂತಿನವರು ಬಾಗಿಲು ಬಡಿಯುವಾಗ ಆ ರಕ್ಷಣೆಯನ್ನು ಯಾರ ಮುಂದೆ ಹೇಗೆ ಕೇಳಬೇಕೆಂಬುದನ್ನು ಸಂಘದ ಹೆಂಗಸರಿಗೆ ಯಾರಾದರೂ ಅವರ ಊರಿನಲ್ಲೇ ಕುಳಿತು ಹೇಳಬೇಡವೆ?

ಇನ್ನು ಹೆಣ್ಣುಮಕ್ಕಳ ಪಾಲಿನ ವಿಚಾರ. ಈ ವಿಷಯದಲ್ಲಿ ಕರ್ನಾಟಕವು ಕೇಂದ್ರಕ್ಕಿಂತ ಮುಂದೆ ನಡೆದ ರಾಜ್ಯ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಅವಿವಾಹಿತ ಪುತ್ರಿಗೆ ಪುತ್ರನ ಸಮಾನವಾದ ಸ್ಥಾನವನ್ನು ಕೊಟ್ಟ ರಾಜ್ಯದ ತಿದ್ದುಪಡಿಯು 1994ರ ಜುಲೈ 30ರಿಂದಲೇ ಆಚರಣೆಗೆ ಬಂದಿತು. ಕೇಂದ್ರದ ತಿದ್ದುಪಡಿಯು 2005ರ ಸೆಪ್ಟೆಂಬರ್ 9ರಂದು ವಿವಾಹಿತೆ, ಅವಿವಾಹಿತೆ ಎಂಬ ಭೇದವನ್ನೂ ತೊಡೆದುಹಾಕಿತು. ಆ ದಿನ ತಂದೆಯು ಬದುಕಿದ್ದನೆ ಇಲ್ಲವೆ ಎಂಬ ತರ್ಕಕ್ಕೆ ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮಂಗಳ ಹಾಡಿ, ಈ ಹಕ್ಕು ಜನ್ಮದಿಂದಲೇ ಸಿದ್ಧವಾದುದೆಂದು ಸಾರಿತು. ಇಷ್ಟೆಲ್ಲ ಆದರೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನಡೆಯುವುದೇನು? ತವರಿನ ಕರೆ ಬಂದಿತೆಂದು ಸಂಭ್ರಮದಿಂದ ಬಂದ ತಂಗಿಯನ್ನು ಅಣ್ಣನು ಕಾರಿನಲ್ಲಿ ಕರೆತರುತ್ತಾನೆ. ಖಾತೆ ಮಾಡಿಸುವುದಕ್ಕೆ ಒಂದು ಸಹಿ ಬೇಕೆಂದಷ್ಟೇ ಆಕೆಗೆ ಹೇಳಿರುತ್ತದೆ. ಕ್ಯಾಮರಾದ ಮುಂದೆ ಕುಳ್ಳಿರಿಸಿ ಭಾವಚಿತ್ರ ತೆಗೆದು, ಯಂತ್ರದ ಮೇಲೆ ಹೆಬ್ಬೆರಳನ್ನು ಒತ್ತಿಸಿದೊಡನೆ, ಆಕೆಯ ಪಾಲು ಹೊರಟುಹೋಗುತ್ತದೆ. ಪತ್ರದಲ್ಲಿ ಪ್ರತಿಫಲವನ್ನು ಪಡೆದು ಸ್ವಸಂತೋಷದಿಂದ ಹಕ್ಕು ಬಿಟ್ಟುಕೊಟ್ಟಿರುವುದಾಗಿ ಬರೆದಿರುತ್ತದೆ. ಕೈಗೆ ಬಂದದ್ದು ಅರಿಶಿನ ಕುಂಕುಮದ ಹೆಸರಿನ ಒಂದಿಷ್ಟು ಹಣ, ಒಂದು ಸೀರೆ. ಪ್ರೀತಿಯಿಂದ ಪಾಲು ಬಿಟ್ಟುಕೊಡುವ ಅಕ್ಕತಂಗಿಯರೂ ಇದ್ದಾರೆ, ಅವರ ತ್ಯಾಗವನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ತನಗೆ ಏನಿದೆಯೆಂಬುದನ್ನು ತಿಳಿಯದೆ ಬಿಟ್ಟುಕೊಟ್ಟದ್ದು ತ್ಯಾಗವಾಗಲಾರದು. ನೋಂದಣಿಯಾದ ಪತ್ರವನ್ನು ರದ್ದುಪಡಿಸಬೇಕೆಂದು ಮೂರು ನಾಲ್ಕು ವರ್ಷಗಳ ನಂತರ ದಾವೆ ಹೂಡುವುದಕ್ಕಿಂತ, ಪತ್ರದ ಕರಡನ್ನು ಹಿಂದಿನ ವಾರದಲ್ಲಿಯೇ ಗ್ರಂಥಾಲಯದ ಮೇಜಿನ ಮೇಲಿಟ್ಟು ಓದಿಸಿಕೊಳ್ಳುವುದು ಆಕೆಗೂ ಕ್ಷೇಮ, ಅಣ್ಣನಿಗೂ ಕ್ಷೇಮ.

ಸಾಮೂಹಿಕ ದುರಂತದ ಮಾತು ಮೇಲೆ ಬಂದಿತಷ್ಟೆ. 2018ರ ನವೆಂಬರ್ 24ರಂದು ಇದೇ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನರು ಮೃತರಾದರು, ಅವರಲ್ಲಿ ಶಾಲಾಮಕ್ಕಳೂ ಇದ್ದರು. ಅಪಘಾತದಲ್ಲಿ ಮಡಿದವರ ಮನೆಯವರು ಪರಿಹಾರದ ಅರ್ಜಿ ಹಾಕಬೇಕಾದರೆ ಪ್ರಥಮ ವರ್ತಮಾನ ವರದಿ, ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ವಾಹನದ ವಿಮೆಯ ವಿವರ, ಮೃತರ ದುಡಿಮೆಯ ದಾಖಲೆ, ಇಷ್ಟನ್ನು ಕೂಡಿಸಬೇಕು. ಹೆಣದ ಮುಂದೆ ಕುಳಿತವರಿಗೆ ಇವು ಯಾವುವೂ ತೋಚುವುದಿಲ್ಲ. ಅಂಥ ಮನೆಗಳಿಗೆ ದಲ್ಲಾಳಿಗಳು ವಕೀಲರಿಗಿಂತ ಮೊದಲು ಬಂದು, ಬರುವ ಪರಿಹಾರದಲ್ಲಿ ಇಷ್ಟು ಭಾಗವೆಂದು ಮಾತು ಮುಗಿಸಿಕೊಂಡು ಹೋಗುವುದು ನಾಡಿನಲ್ಲಿ ಎಲ್ಲರೂ ಬಲ್ಲ ಸಂಗತಿ.

ಗ್ರಂಥಾಲಯಕ್ಕೂ ಇದಕ್ಕೂ ಏನು ಸಂಬಂಧ, ಅದು ಪುಸ್ತಕಗಳ ಸ್ಥಾನವಲ್ಲವೆ ಎಂದು ಕೇಳುವವರುಂಟು. ನಮ್ಮ ದೇಶದ ಗ್ರಂಥಾಲಯಶಾಸ್ತ್ರಕ್ಕೆ ತಳಹದಿ ಹಾಕಿದ ಎಸ್. ಆರ್. ರಂಗನಾಥನ್ ಅವರು, ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ದೇಹ ಬಿಟ್ಟವರು, ಜೀವಮಾನವಿಡೀ ಪ್ರತಿಪಾದಿಸಿದ ತತ್ತ್ವವು ಪುಸ್ತಕವಿರುವುದು ಉಪಯೋಗಕ್ಕೆ, ಶೇಖರಣೆಗಲ್ಲ ಎಂಬುದಾಗಿತ್ತು. ಡಿ. ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದಾಗ ಗ್ರಂಥಭಂಡಾರವನ್ನೂ ಸಾರ್ವಜನಿಕ ವಿಚಾರಗಳ ಚರ್ಚೆಯನ್ನೂ ಒಂದೇ ಸೂರಿನ ಕೆಳಗೆ ಇರಿಸಿದರು. ಪ್ರಜೆಯು ತನ್ನ ಹಕ್ಕುಬಾಧ್ಯತೆಗಳನ್ನು ಅರಿಯದ ಹೊರತು ಪ್ರಜಾರಾಜ್ಯವು ನಿಲ್ಲಲಾರದೆಂಬ ವಿಶ್ವಾಸ ಅವರದು. ಪಾಂಡವಪುರ ತಾಲ್ಲೂಕಿಗಂತೂ ಪುಸ್ತಕದ ಹಿರಿಮೆಯನ್ನು ಹೊರಗಿನವರು ಹೇಳಿಕೊಡಬೇಕಾದುದಿಲ್ಲ. ಬಸ್ಸಿನ ಕಂಡಕ್ಟರಾಗಿ, ಆಮೇಲೆ ಸಕ್ಕರೆ ಕಾರ್ಖಾನೆಯ ನೌಕರರಾಗಿ ದುಡಿದ ಅಂಕೇಗೌಡರು ತಮ್ಮ ಸಂಬಳವನ್ನು ಸುರಿದು ಕೂಡಿಸಿದ ಲಕ್ಷಾಂತರ ಗ್ರಂಥಗಳು ಹರಳಹಳ್ಳಿಯ ಪುಸ್ತಕ ಮನೆಯಲ್ಲಿ ಯಾರು ಬಂದರೂ ಓದಲು ತೆರೆದಿವೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಫಲವಾಗಿ ಬೆಳೆದ ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಆಡಳಿತಕ್ಕೆ ಬಂದು ಈಗ ಅರಿವು ಕೇಂದ್ರಗಳೆಂದು ಹೆಸರಾಗಿವೆ. ರಾಜ್ಯದಲ್ಲಿ ಅಂಥವು 5,600ಕ್ಕೂ ಹೆಚ್ಚು. ಅರಿವು ಎಂಬ ಹೆಸರನ್ನಿಟ್ಟುಕೊಂಡ ಮೇಲೆ, ಮನೆಯನ್ನು ಉಳಿಸುವ ಅಥವಾ ಕಳೆಯುವ ಕಾಗದದ ಅರಿವನ್ನು ಅಲ್ಲಿಂದ ಹೊರಗಿಡುವುದು ನ್ಯಾಯವೆ? ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2011ರಲ್ಲಿ ರಚಿಸಿದ ನಿಯಮಾವಳಿಯು ಹಳ್ಳಿಯ ಕಾನೂನು ನೆರವಿನ ಕೇಂದ್ರವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಲಿಸಿದೆ. ಆ ಹೋಲಿಕೆ ಸಾರ್ಥಕವಾಗಬೇಕಾದರೆ ಬಾಗಿಲು ತೆರೆದಿರುವ ದಿನವೂ ಒಳಗಿರುವ ವ್ಯಕ್ತಿಯೂ ಖಚಿತವಾಗಿರಬೇಕು. ವರ್ಷಕ್ಕೊಮ್ಮೆ ಶಾಮಿಯಾನ ಹಾಕಿ, ಹಾರ ತುರಾಯಿಗಳೊಡನೆ ಜರಗುವ ಕಾನೂನು ಅರಿವು ಸಮಾರಂಭವು ಭಾಷಣಕ್ಕೆ ಸಾಕು; ಒಬ್ಬ ವಿಧವೆಯ ಕೈಯಲ್ಲಿರುವ ನೋಟಿಸಿಗೆ ಸಾಲದು.

ಅಮೆರಿಕದ ಕ್ಯಾಲಿಫೋರ್ನಿಯಾದ ಅನೇಕ ಸಾರ್ವಜನಿಕ ಗ್ರಂಥಾಲಯಗಳಲ್ಲಿ, ಅಲ್ಲಿನ ವಕೀಲರ ಸಂಘಗಳ ಸಹಕಾರದಿಂದ, ನ್ಯಾಯವಾದಿಗಳು ಗೊತ್ತಾದ ದಿನಗಳಲ್ಲಿ ಕುಳಿತು, ಹೆಸರು ನೋಂದಾಯಿಸಿದ ಪ್ರತಿಯೊಬ್ಬರಿಗೂ ಕೆಲವು ನಿಮಿಷಗಳ ಸಲಹೆಯನ್ನು ಉಚಿತವಾಗಿ ಕೊಡುವ ಪದ್ಧತಿ ಬಹುಕಾಲದಿಂದ ಇದೆ. ಆ ಶ್ರೀಮಂತ ದೇಶಕ್ಕೆ ಬೇಕಾದದ್ದು ನಮಗೆ ಬೇಡವಾಗಲು ಕಾರಣ ಕಾಣದು.

ಕಷ್ಟಗಳಿಲ್ಲವೆಂದಲ್ಲ. ಓದುವವರ ಮಧ್ಯದಲ್ಲಿ ಮನೆಯ ಗುಟ್ಟನ್ನು ಹೇಳಿಕೊಳ್ಳುವುದು ಸಾಧ್ಯವಿಲ್ಲವಾದ್ದರಿಂದ ಪ್ರತ್ಯೇಕವಾದ ಒಂದು ಕೋಣೆಯೋ, ಕೊನೆಯ ಪಕ್ಷ ಒಂದು ಮರೆಯೋ ಬೇಕೇಬೇಕು. ಈಗಾಗಲೇ ಅಲ್ಪ ವೇತನದಲ್ಲಿ ಹೆಚ್ಚು ಕೆಲಸ ಹೊತ್ತಿರುವ ಗ್ರಂಥಾಲಯದ ಮೇಲ್ವಿಚಾರಕರ ಮೇಲೆ ಮತ್ತೊಂದು ಭಾರವನ್ನು ಹೇರಕೂಡದು. ಹೆಸರು ಬರೆದುಕೊಳ್ಳುವ ಕೆಲಸಕ್ಕೆ ತಾಲ್ಲೂಕು ಸಮಿತಿಯೇ ತರಬೇತಿ ಕೊಟ್ಟ ಅರೆ ಕಾನೂನು ಸ್ವಯಂಸೇವಕರನ್ನು ಕಳುಹಿಸಲಿ. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದುಂಟು. ವಕೀಲರು ಕಕ್ಷಿಗಾರರನ್ನು ಹುಡುಕಿಕೊಂಡು ಹೋಗಕೂಡದೆಂಬುದು ಅವರ ವೃತ್ತಿಧರ್ಮದ ನಿಯಮ. ಆದ್ದರಿಂದ ಗ್ರಂಥಾಲಯದಲ್ಲಿ ಸಲಹೆ ಹೇಳಿದವರು ಅದೇ ವ್ಯಾಜ್ಯದಲ್ಲಿ ಶುಲ್ಕ ಪಡೆದು ವಕಾಲತ್ತು ಹಾಕಬಾರದೆಂದು ಬಾಗಿಲಿನಲ್ಲಿಯೇ ದೊಡ್ಡ ಅಕ್ಷರಗಳಲ್ಲಿ ಬರೆದು ತೂಗುಹಾಕಬೇಕು; ದಾವೆ ನಡೆಸಬೇಕಾಗಿ ಬಂದರೆ ತಾಲ್ಲೂಕು ಸಮಿತಿಯ ಮೂಲಕ ಪ್ಯಾನಲ್ ವಕೀಲರು ನೇಮಕವಾಗಲಿ. ಪುಕ್ಕಟೆ ವಕೀಲರು ಮನಸ್ಸಿಟ್ಟು ಕೆಲಸ ಮಾಡುವುದಿಲ್ಲವೆಂಬ ಅನುಮಾನ ಜನರಲ್ಲಿ ಬಲವಾಗಿದೆ. ಇಪ್ಪತ್ತು ಮೂವತ್ತು ವರ್ಷ ವಕಾಲತ್ತು ನಡೆಸಿದ ಹಿರಿಯರು ಮೊದಲ ತಿಂಗಳುಗಳಲ್ಲಿ ತಾವೇ ಬಂದು ಕುಳಿತರೆ ಆ ಅನುಮಾನ ತಾನಾಗಿ ಕಳೆಯುವುದು, ಕಿರಿಯರಿಗೂ ಅದು ದೀಕ್ಷೆಯಾಗುವುದು.

ಕ್ಯಾತನಹಳ್ಳಿಯ ಹೆಸರನ್ನು ನಾಡಿಗೆ ತಿಳಿಸಿದವರು ಅದೇ ಊರಿನಲ್ಲಿ ಹುಟ್ಟಿದ ರೈತನಾಯಕ ಕೆ. ಎಸ್. ಪುಟ್ಟಣ್ಣಯ್ಯನವರು. ಎರಡು ಸಲ ಶಾಸನಸಭೆಗೆ ಆರಿಸಿಬಂದು, 2018ರ ಫೆಬ್ರವರಿಯಲ್ಲಿ ಶಾಸಕರಾಗಿರುವಾಗಲೇ ತೀರಿಕೊಂಡ ಅವರು ಬೆಳೆದದ್ದು ರೈತಸಂಘದ ಗರಡಿಯಲ್ಲಿ. ಆ ಸಂಘದ ಮುಂದಾಳು ಎಂ. ಡಿ. ನಂಜುಂಡಸ್ವಾಮಿಯವರು ಕಾನೂನಿನ ಪ್ರಾಧ್ಯಾಪಕರಾಗಿದ್ದವರೆಂಬುದನ್ನು ಮರೆಯಲಾಗದು. ಸಾಲ ವಸೂಲಿಗೆ ಬರುವ ಅಧಿಕಾರಿಯು ಅನುಮತಿಯಿಲ್ಲದೆ ಊರೊಳಕ್ಕೆ ಬರಕೂಡದೆಂದು ಹಳ್ಳಿಗಳ ಮುಂದೆ ಫಲಕ ನಿಲ್ಲಿಸಿದ ಆ ಕಾಲದ ಧೈರ್ಯದ ಬೆನ್ನಿಗೆ ಶಾಸನದ ತಿಳಿವಳಿಕೆಯಿತ್ತು. ಸಂಘವಾಗಿ ಸಾವಿರ ಜನ ಸೇರಿದಾಗ ಕಾಣುವ ಆ ಧೈರ್ಯವು ಒಬ್ಬೊಂಟಿಯಾಗಿ ನೋಟಿಸು ಹಿಡಿದು ನಿಂತವರಿಗೂ ದೊರೆಯಬೇಕಾಗಿದೆ.

ಇದಕ್ಕೆ ಹೊಸ ಶಾಸನ ಬೇಡ, ದೊಡ್ಡ ಹಣವೂ ಬೇಡ. ತಾಲ್ಲೂಕು ಕಾನೂನು ಸೇವೆಗಳ ಸಮಿತಿ, ಪಾಂಡವಪುರದ ವಕೀಲರು, ಗ್ರಾಮ ಪಂಚಾಯಿತಿ, ಈ ಮೂವರು ಒಮ್ಮೆ ಕುಳಿತು ಮಾತಾಡಿದರೆ ಸಾಕು. ಕ್ಯಾತನಹಳ್ಳಿಯ ಮಹಾಜನರಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ನಿರ್ಣಯವಾಗಿ ಬರೆಸಿ, ಸಮಿತಿಯ ಅಧ್ಯಕ್ಷರಾದ ನ್ಯಾಯಾಧೀಶರಿಗೆ ಕಳುಹಿಸಿ. ಆ ಏರ್ಪಾಡು ಆಗುವವರೆಗೆ, ಅರ್ಥವಾಗದ ಕಾಗದಕ್ಕೆ ಸಹಿ ಹಾಕುವ ಮುನ್ನ ಕಾನೂನು ಸೇವೆಗಳ ಸಹಾಯವಾಣಿಯಾದ 15100ಕ್ಕೆ ಕರೆ ಮಾಡಿ ಕೇಳಿ. ಆ ಕರೆಗೆ ಶುಲ್ಕವಿಲ್ಲ.