ಬ್ರೇಕಿನ ಕೆಲಸ: ಮನೆಯಂಗಳದಲ್ಲಿ ಎಷ್ಟು, ವರ್ಕ್‌ಶಾಪಿನಲ್ಲಿ ಎಷ್ಟು?

ಮಳೆಗಾಲ ಹತ್ತಿರವಾಯಿತೆಂದರೆ ಮೈಲುತುತ್ತು, ಸುಣ್ಣಗಳನ್ನು ಹೊಂದಿಸಿಕೊಳ್ಳಲು ನಾವೆಲ್ಲರೂ ಮರೆಯುವುದಿಲ್ಲ. ಆದರೆ ಅವನ್ನು ಹೊತ್ತು ತರುವ ಗಾಡಿಯ ಚಕ್ರ ಬಿಚ್ಚಿ ಬ್ರೇಕನ್ನು ನೋಡುವವರು ನಮ್ಮಲ್ಲಿ ಎಷ್ಟು ಮಂದಿ? ಈ ಮಾತನ್ನು ಇತರರನ್ನು ದೂರಲು ಹೇಳುತ್ತಿಲ್ಲ. ನಮ್ಮದೇ ತಪ್ಪಿನಿಂದ ಕಲಿತು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

2023ರ ನವೆಂಬರಿನಲ್ಲಿ ಮದುವೆಯೊಂದಕ್ಕೆ ಹೊರಟು, ಮನೆಯವರೂ ತೋಟದ ಕೆಲಸದವರೂ ಸೇರಿ ಏಳು ಮಂದಿ ಆಗುಂಬೆ ಘಾಟಿ ಇಳಿಯುತ್ತಿದ್ದೆವು. ಗಾಡಿ ಎಡಕ್ಕೆ ಎಳೆಯುತ್ತಿತ್ತು. ರಸ್ತೆಯ ವಾಟವಿರಬೇಕೆಂದು ಮುಂದುವರಿದೆವು. ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಬ್ರೇಕಿನ ಪೆಡಲು ಮೆತ್ತಗಾಗಿ ಕೆಳಕ್ಕಿಳಿಯತೊಡಗಿತು. ಗೇರು ತಗ್ಗಿಸಿ, ಹ್ಯಾಂಡ್ ಬ್ರೇಕು ಎಳೆದು, ಹೇಗೋ ಧರೆಯ ಬದಿಗೆ ನಿಲ್ಲಿಸಿದೆವು. ಎಡ ಮುಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ಒಬ್ಬರು ನೀರು ಹೊಯ್ಯಲು ಬಂದರು. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಬಿರುಕು ಬಿಟ್ಟೀತೆಂದು ತಡೆದೆವು. ಅಷ್ಟು ತಿಳಿವಳಿಕೆಯಾದರೂ ಇತ್ತು.

ಮೆಕ್ಯಾನಿಕ್ ಬಿಚ್ಚಿ ತೋರಿಸಿದಾಗ ತಲೆ ತಗ್ಗಿಸಬೇಕಾಯಿತು. ಕ್ಯಾಲಿಪರು ಜಾರುವ ಪಿನ್ನಿನ ರಬ್ಬರು ಊದಿಕೊಂಡು ಪಿನ್ನನ್ನು ಬಿಗಿಯಾಗಿ ಹಿಡಿದಿತ್ತು. ಹಿಂದಿನ ವರ್ಷ ಅದನ್ನು ಬಿಚ್ಚಿ, ಪಂಪ್‌ಸೆಟ್ಟಿನ ಗ್ರೀಸು ಬಳಿದವರು ನಾವೇ. ವರ್ಕ್‌ಶಾಪಿನ ಖರ್ಚು ಉಳಿಸಿದೆವೆಂದು ಅಂದು ಹೆಮ್ಮೆಯನ್ನೂ ಪಟ್ಟಿದ್ದೆವು.

ಈಗಿನ ಬಹುಪಾಲು ಕಾರು, ಜೀಪುಗಳ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು. ಪೆಡಲು ತುಳಿದಾಗ ಪಿಸ್ಟನ್ನು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಕ್ಯಾಲಿಪರು ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಕಾಲು ತೆಗೆದಾಗ ಪಿಸ್ಟನ್ನಿನ ಸುತ್ತಲಿನ ರಬ್ಬರ್ ಸೀಲು ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಪಿನ್ನು ಒಣಗಿದರೆ, ಪ್ಯಾಡಿನ ಅಂಚಿಗೆ ತುಕ್ಕು ಕಟ್ಟಿದರೆ, ಅಥವಾ ಪಿಸ್ಟನ್ನಿಗೆ ತುಕ್ಕು ಹಿಡಿದರೆ ಬ್ರೇಕು ಬಿಡುವುದಿಲ್ಲ. ತಿಂಗಳುಗಟ್ಟಲೆ ಮಳೆ, ಕೆಸರು, ಅದರ ಮೇಲೆ ಗೊಬ್ಬರ, ಮೈಲುತುತ್ತಿನ ಸಾಗಣೆ. ನಮ್ಮ ಗಾಡಿಗಳಲ್ಲಿ ಈ ತೊಂದರೆ ಹೆಚ್ಚೆಂದರೆ ಆಶ್ಚರ್ಯವಿಲ್ಲ.

ಹಾಗೆಂದು ಮನೆಯಲ್ಲಿ ಏನನ್ನೂ ಮುಟ್ಟಬಾರದೆಂಬುದು ನಮ್ಮ ವಾದವಲ್ಲ. ಪೇಟೆಯ ವರ್ಕ್‌ಶಾಪು ಮೂವತ್ತು ನಲವತ್ತು ಕಿಲೋಮೀಟರು ದೂರವಿರುವವರಿಗೆ ಅದು ಆಗದ ಮಾತು. ಪರೀಕ್ಷೆ ಮತ್ತು ಶುಚಿ ಮಾಲೀಕನ ಕೆಲಸ. ಪಿಸ್ಟನ್ನು, ಹೋಸು, ಬ್ರೇಕ್ ಆಯಿಲು ನುರಿತವನ ಕೆಲಸ. ಈ ಗೆರೆಯನ್ನು ದಾಟಬಾರದೆಂಬುದೇ ನಮ್ಮ ಅಭಿಪ್ರಾಯ.

ಗಟ್ಟಿಯಾದ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡ್ಡ ಕೊಡಿ. ಮಳೆಗೆ ನೆನೆದ ಅಂಗಳದಲ್ಲಿ ಜಾಕಿ ಹೂತುಹೋಗುತ್ತದೆ. ಅಡಿಗೆ ದಪ್ಪ ಹಲಗೆ ಇರಲಿ. ಎತ್ತಿದ ಮೇಲೆ ಸ್ಟ್ಯಾಂಡು ಇಡದೆ ಕೆಲಸಕ್ಕೆ ಕೈ ಹಾಕಬೇಡಿ. ಪೆಡಲನ್ನು ನಾಲ್ಕು ಬಾರಿ ತುಳಿದು ಬಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಿ. ಪ್ಯಾಡು ತುಸು ಸವರುವ ಸದ್ದು ಸಹಜ. ತಿರುಗಿಸಲು ಬಲ ಬೇಕಾದರೆ ಬ್ರೇಕು ಹಿಡಿದಿದೆ ಎಂದರ್ಥ. ಎರಡು ಪ್ಯಾಡುಗಳ ಸವೆತ ಒಂದೇ ಸಮ ಇದೆಯೇ ನೋಡಿ. ಒಂದು ಮಾತ್ರ ಬಹಳ ಸವೆದಿದ್ದರೆ ಪಿನ್ನಿನ ಮೇಲೋ ಪಿಸ್ಟನ್ನಿನ ಮೇಲೋ ಅನುಮಾನಪಡಬೇಕು.

ಪಿನ್ನುಗಳನ್ನು ತೆಗೆಯುವಾಗ ಯಾವುದು ಮೇಲಿನದು, ಯಾವುದು ಕೆಳಗಿನದು ಎಂದು ಗುರುತಿಡಿ. ಎರಡೂ ಒಂದೇ ತೆರನಾಗಿರಬೇಕೆಂದಿಲ್ಲ. ಕ್ಯಾಲಿಪರನ್ನು ಹೋಸಿನಿಂದ ನೇತಾಡಲು ಬಿಡದೆ ತಂತಿಯಿಂದ ಕಟ್ಟಿ. ಹಳೆಯ ಗ್ರೀಸನ್ನು ಒರೆಸಿ ತೆಗೆದು, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಹಚ್ಚಿ. ಪಂಪಿನ ಗ್ರೀಸು, ಎಂಜಿನ್ ಆಯಿಲು, ಸೀಮೆಎಣ್ಣೆ ಯಾವುದೂ ಕೂಡದು. ಆ ರಬ್ಬರಿಗೆ ಅವು ವಿಷ. ಪ್ಯಾಡಿನ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಪ್ಯಾಡಿನ ಮುಖಕ್ಕೆ ಗ್ರೀಸು ತಾಗದಿರಲಿ. ಬೋಲ್ಟುಗಳನ್ನು ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿ. ಜೋಡಿಸಿದ ಮೇಲೆ ಪೆಡಲು ಗಟ್ಟಿಯಾಗುವವರೆಗೆ ತುಳಿಯದೆ ಗಾಡಿ ಅಲುಗಿಸಬಾರದು.

ಇಷ್ಟಾದರೂ ಚಕ್ರ ಬಿಡದಿದ್ದರೆ ದೋಷ ಪಿಸ್ಟನ್ನಿನಲ್ಲೋ, ಒಳಗೊಳಗೇ ಕಟ್ಟಿಕೊಂಡ ಹೋಸಿನಲ್ಲೋ ಇದೆ. ಆಗ ಪಾನಾ ಕೆಳಗಿಟ್ಟು ಮೆಕ್ಯಾನಿಕ್ಕನ್ನು ಕರೆಸಿ. ಬ್ರೇಕ್ ಆಯಿಲಿನದೂ ಒಂದು ಮಾತಿದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಆಯಿಲು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ್ದಕ್ಕೆ ಆ ಮಿತಿ 155 ಡಿಗ್ರಿ ಮಾತ್ರ. ಹಿಡಿದ ಬ್ರೇಕು ಕಾದು ಆಯಿಲು ಕುದಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ, ಪೆಡಲು ಪೊಳ್ಳಾಗುತ್ತದೆ. ಅಂದು ಘಾಟಿಯಲ್ಲಿ ನಮಗಾದದ್ದು ಇದೇ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ದುಂದುವೆಚ್ಚವಲ್ಲ.

ಕೊನೆಯದಾಗಿ ನಮ್ಮ ಸಂಘಕ್ಕೆ ಎರಡು ಸಲಹೆಗಳು. ಮಾರಾಟ ವಿಭಾಗದಲ್ಲಿ ಮೈಲುತುತ್ತಿನ ಜೊತೆಗೆ ಬ್ರೇಕಿನ ಗ್ರೀಸು ಮತ್ತು ಸೀಲು ಒಡೆಯದ ಸಣ್ಣ ಡಬ್ಬಿಯ ಬ್ರೇಕ್ ಆಯಿಲನ್ನೂ ಇಡಲಿ. ಮೇ ತಿಂಗಳಲ್ಲಿ ಒಂದು ದಿನ ಸಂಘದ ಗೋದಾಮಿನ ಅಂಗಳಕ್ಕೆ ಒಬ್ಬ ನುರಿತ ಮೆಕ್ಯಾನಿಕ್ಕನ್ನು ಕರೆಸಿ, ಸದಸ್ಯರ ಗಾಡಿಗಳ ಬ್ರೇಕು ಪರೀಕ್ಷೆ ನಡೆಸಲಿ. ಖರ್ಚನ್ನು ಸದಸ್ಯರೇ ಹಂಚಿಕೊಳ್ಳೋಣ. ಕೊಯಿಲಿನ ಕಾಲದಲ್ಲಿ ನಮ್ಮ ಗಾಡಿ ಹತ್ತುವ ಕೆಲಸದವರು ಬ್ರೇಕು ಸರಿಯಿದೆಯೇ ಎಂದು ನಮ್ಮನ್ನು ಕೇಳುವುದಿಲ್ಲ. ಸರಿಯಿದೆಯೆಂದೇ ನಂಬಿ ಹತ್ತುತ್ತಾರೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವುದು ನಮ್ಮ ಹೊಣೆ.