ಮೊಬೈಲ್ ಬಿಸಾಡಿ ಎಂದು ನಾನೆಲ್ಲಿ ಹೇಳಿದ್ದೆ?

ನೋಟಿಫಿಕೇಶನ್ ಬಂದ್ ಮಾಡಿ, ಬೇಡದ ವಾಟ್ಸ್ಆ್ಯಪ್ ಗುಂಪುಗಳಿಂದ ಹೊರಬನ್ನಿ, ಸುದ್ದಿಗೆಂದು ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಇಟ್ಟುಕೊಳ್ಳಿ. ಕಳೆದ ಲೇಖನದಲ್ಲಿ ನಾನು ಹೇಳಿದ್ದು ಇಷ್ಟೇ. ಬಂದ ಆಕ್ಷೇಪಗಳನ್ನು ಓದಿದರೆ ಮೊಬೈಲನ್ನು ಬಾವಿಗೆ ಎಸೆದು ಕಾಡು ಸೇರಿ ಎಂದು ಕರೆ ಕೊಟ್ಟವನಂತೆ ಕಾಣುತ್ತಿದ್ದೇನೆ. ಹೇಳದ ಮಾತಿನ ಗೊಡವೆ ನನಗೆ ಬೇಡ. ಹೇಳಿದ್ದಕ್ಕೆ ಎದ್ದ ತಕರಾರುಗಳಿಗೆ ಮಾತ್ರ ಉತ್ತರಿಸುತ್ತೇನೆ.

‘ಮನಸ್ಸು ಗಟ್ಟಿಯಿದ್ದರೆ ಸಾಕು, ಫೋನನ್ನು ಯಾಕೆ ದೂರುತ್ತೀರಿ?’ ಹೆಚ್ಚು ಜನ ಕೇಳಿದ್ದು ಇದನ್ನೇ. ಅವರಿಗೆ ಒಂದು ಸಂಗತಿ ನೆನಪಿಸುತ್ತೇನೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಆ್ಯಪ್ ಗುಲ್ಲಿಗೆ ಹೈದರಾಬಾದಿನ ಯುವಕನೊಬ್ಬ ಬಲಿಯಾದ. ದೇಶದ ಬೇರೆ ಕಡೆಯೂ ಆ ತಿಂಗಳುಗಳಲ್ಲಿ ಇಂಥವೇ ಕೊಲೆಗಳು ನಡೆದಿದ್ದವು. ಮುರ್ಕಿಯ ಘಟನೆಯಾಗಿ ಒಂದು ವಾರದೊಳಗೆ ವಾಟ್ಸ್ಆ್ಯಪ್ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡಲಾಗದಂತೆ ತಡೆಯುವುದಾಗಿ ಹೇಳಿತು. 2020ರ ಏಪ್ರಿಲ್‌ನಲ್ಲಿ, ಆಗಲೇ ಕೈಯಿಂದ ಕೈಗೆ ವಿಪರೀತ ಹರಿದಾಡಿದ ಸಂದೇಶವಾದರೆ ಒಮ್ಮೆಗೆ ಒಂದೇ ಕಡೆ ಎಂದಿತು. ಅದರಿಂದ ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ಇಳಿಯಿತೆಂದು ಕಂಪನಿಯೇ ಹೇಳಿಕೊಂಡಿತು. ಆ ಏಪ್ರಿಲ್‌ನಲ್ಲಿ ಲೋಕದ ಜನರ ಮನಸ್ಸೆಲ್ಲ ಒಮ್ಮೆಲೇ ಗಟ್ಟಿಯಾಯಿತೇ? ಬಟನ್ ಬದಲಾಯಿತು, ಬೆರಳು ನಿಂತಿತು. ಫಾರ್ವರ್ಡ್ ಮಾಡಿದವರು ಅದೇ ಜನ, ನಿಲ್ಲಿಸಿದವರೂ ಅದೇ ಜನ.

ಎಷ್ಟು ಕೆಳಗೆಳೆದರೂ ಮುಗಿಯದ ಪುಟದ ಕತೆಯೂ ಅಷ್ಟೆ. 2006ರಲ್ಲಿ ಅದನ್ನು ರೂಪಿಸಿದ ಅಜಾ ರಾಸ್ಕಿನ್ ಮುಂದೆ ತಾನೇ ಆ ಬಗ್ಗೆ ವಿಷಾದ ಪಟ್ಟ. ಮಾಡಿದವನೇ ನೊಂದುಕೊಂಡಿರುವಾಗ, ರಾತ್ರಿ ಹನ್ನೊಂದರವರೆಗೆ ರೀಲ್ಸ್ ನೋಡಿದ ಹುಡುಗಿಗೆ ‘ನಿನಗೆ ಶಿಸ್ತಿಲ್ಲ’ ಎಂದು ಬೈಯುವುದು ಯಾವ ನ್ಯಾಯ? ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯವರಿಗೆ ಇದು ಚೆನ್ನಾಗಿ ಅರ್ಥವಾಗಿತ್ತು. 2022ರ ಆಗಸ್ಟ್‌ನಲ್ಲಿ ಅವರು ಊರಿಗೆ ಊರೇ ಸೇರಿ ತೀರ್ಮಾನ ಮಾಡಿದರು: ಸಂಜೆ ಏಳಕ್ಕೆ ಸೈರನ್ ಕೂಗಿದರೆ ಎಂಟೂವರೆಯವರೆಗೆ ಟಿ.ವಿ., ಮೊಬೈಲ್ ಎರಡೂ ಬಂದ್. ‘ನಿಮ್ಮ ನಿಮ್ಮ ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎಂದು ಉಪದೇಶ ಕೊಟ್ಟು ಅವರು ಕೈತೊಳೆದುಕೊಳ್ಳಲಿಲ್ಲ. ಪಕ್ಕದ ಮನೆಯ ಹುಡುಗ ಆಡುತ್ತಿದ್ದರೆ ನಮ್ಮ ಮನೆಯ ಹುಡುಗ ಸುಮ್ಮನೆ ಕೂರುವುದಿಲ್ಲ ಎಂಬುದನ್ನು ತಾಯಂದಿರಿಗೆ ಯಾರೂ ಹೇಳಿಕೊಡಬೇಕಿಲ್ಲ.

‘ಪ್ರಜಾಪ್ರಭುತ್ವದಲ್ಲಿ ಪ್ರಜೆ ಕ್ಷಣಕ್ಷಣದ ಸುದ್ದಿ ತಿಳಿದಿರಬೇಕು’ ಎಂಬುದು ಇನ್ನೊಂದು. ತಿಳಿದಿರಬೇಕು, ಸರಿ. ಆದರೆ ಮುರ್ಕಿಗೆ ಮತ್ತೊಮ್ಮೆ ಹೋಗೋಣ. ಅಲ್ಲಿ ಸುದ್ದಿಗೆ ಕೊರತೆಯಿತ್ತೇ? ಆ ಯುವಕನಿದ್ದ ಕಾರು ಬರುವ ಮೊದಲೇ ಕಾರಿನ ಸುದ್ದಿ ಬಂದಿತ್ತು, ರಸ್ತೆಗೆ ಅಡ್ಡ ಹಾಕುವಷ್ಟು ಮೊದಲೇ. ಅದು ಹೌದೋ ಅಲ್ಲವೋ ಎಂದು ಒಬ್ಬರನ್ನು ಕೇಳುವಷ್ಟು ಪುರಸೊತ್ತು ಮಾತ್ರ ಯಾರಿಗೂ ಇರಲಿಲ್ಲ. ಸಂಜೆ ಸುದ್ದಿ ಓದುವ ಹೊತ್ತಿಗೆ ಬೆಳಗಿನ ಗುಲ್ಲುಗಳಲ್ಲಿ ಎಷ್ಟೋ ಉದುರಿ ಹೋಗಿರುತ್ತವೆ. ನನ್ನ ಮಟ್ಟಿಗೆ ತಡವಾಗಿ ಓದುವುದರ ಲಾಭ ಇದೇ.

‘ರೇಡಿಯೊ ಬಂದಾಗಲೂ ಹೀಗೇ ಅಂದಿದ್ದರು, ಟಿ.ವಿ. ಬಂದಾಗಲೂ ಅಂದಿದ್ದರು’ ಎಂದವರಿಗೆ ಉದ್ದ ಉತ್ತರ ಬೇಕಿಲ್ಲ. ಆಕಾಶವಾಣಿಯ ಪ್ರದೇಶ ಸಮಾಚಾರ ಮುಗಿಯುತ್ತಿತ್ತು. ದಿನಪತ್ರಿಕೆಗೆ ಕೊನೆಯ ಪುಟವಿದೆ.

‘ಸಾವಿನ ಸುದ್ದಿ ತಪ್ಪಿಹೋದರೆ?’ ಇದನ್ನು ಹಗುರ ಮಾಡಲಾರೆ. ಮಣ್ಣಿಗೆ ಹೋಗಲಾಗದ ನೋವು ದೊಡ್ಡದು. ಆದರೆ ನೂರಾರು ಮಂದಿಯ ಗುಂಪಿನಲ್ಲಿ ಆಗುವುದೇನು? ದೊಡ್ಡಪ್ಪ ತೀರಿಕೊಂಡ ಸುದ್ದಿಯ ಕೆಳಗೆ ಸಾಲುಸಾಲು ‘ಓಂ ಶಾಂತಿ’. ಅದರ ನಡುವೆ, ಮೇಲಿನದನ್ನು ನೋಡದ ಯಾರೋ ಕಳಿಸಿದ ಗುಲಾಬಿ ಹೂವಿನ ಶುಭೋದಯ. ಆಮೇಲೆ ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಕೇಕ್. ಮಧ್ಯಾಹ್ನ ನೋಡಿದವನಿಗೆ ಸಾವು ಕಾಣುವುದೇ ಇಲ್ಲ. ನೀವು ಬೇಕು ಎನ್ನುವವರು ಫೋನ್ ಮಾಡುತ್ತಾರೆ. ನೋಟಿಫಿಕೇಶನ್ ಬಂದ್ ಮಾಡಿದರೂ ಕರೆ ರಿಂಗಾಗುತ್ತದೆ. ಅದನ್ನು ನಿಲ್ಲಿಸಿ ಎಂದು ನಾನು ಹೇಳಿಲ್ಲ.

ಗುಂಪು ಬಿಡುವುದು ಹಿರಿಯರಿಗೆ ಅವಮಾನ ಎಂಬ ಮಾತಿಗೂ ಇಲ್ಲೇ ಒಂದು ಸಾಲು. 2022ರಿಂದೀಚೆಗೆ ಗುಂಪು ಬಿಟ್ಟರೆ ಅಡ್ಮಿನ್‌ಗಳಿಗಷ್ಟೇ ಆಗಲೇ ಗೊತ್ತಾಗುತ್ತದೆ. ಮನೆತನದ ಗುಂಪಿನ ಅಡ್ಮಿನ್ ಹೆಚ್ಚಾಗಿ ಭಾವನೇ ಆಗಿರುವುದರಿಂದ ಇದು ಅಷ್ಟೇನೂ ಸಮಾಧಾನದ ವಿಷಯವಲ್ಲ, ಒಪ್ಪುತ್ತೇನೆ. ಹಾಗಾದರೆ ಬಿಡಬೇಡಿ, ಮ್ಯೂಟ್ ಮಾಡಿ. ಭಾನುವಾರ ಅತ್ತೆಗೆ ಒಂದು ಫೋನ್ ಮಾಡಿ. ಅವರಿಗೆ ಬೇಕಾದದ್ದೂ ಅದೇ.

ಕೊನೆಯ ಆಕ್ಷೇಪವೇ ಗಟ್ಟಿಯಾದದ್ದು: ‘ಇದೆಲ್ಲ ಹೊಟ್ಟೆ ತುಂಬಿದವರ ಮಾತು. ಆಶಾ ಕಾರ್ಯಕರ್ತೆ, ಅತಿಥಿ ಶಿಕ್ಷಕ, ಡೆಲಿವರಿ ಹುಡುಗ ನೋಟಿಫಿಕೇಶನ್ ಬಂದ್ ಮಾಡಿದರೆ ಅವರ ಅನ್ನ ಬಂದ್.’ ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆರ್ಡರ್ ಬಂದ ಸದ್ದಿಗೆ ಕಾಯುವವನಿಗೆ ನನ್ನ ಸಲಹೆಯಿಂದ ಏನೂ ಉಪಯೋಗವಿಲ್ಲ. ಮೇಲಧಿಕಾರಿ ರಾತ್ರಿ ಹತ್ತಕ್ಕೆ ಗುಂಪಿನಲ್ಲಿ ‘ನಾಳೆ ಬೆಳಿಗ್ಗೆಯೊಳಗೆ ಮಾಹಿತಿ ಕಳಿಸಿ’ ಎಂದು ಹಾಕಿದರೆ, ಮೇಷ್ಟ್ರು ಮ್ಯೂಟ್ ಮಾಡಿಕೊಂಡು ಮಲಗಲಾರರು.

ಆದರೆ ಈ ಆಕ್ಷೇಪ ನನ್ನ ಮಾತನ್ನು ಮುರಿಯುವುದಿಲ್ಲ, ಇನ್ನೂ ಮುಂದಕ್ಕೆ ಒಯ್ಯುತ್ತದೆ. ಕೈಯಲ್ಲಿ ಆಯ್ಕೆ ಇಲ್ಲದವರಿಗೆ ಬೇಕಾದದ್ದು ಸಲಹೆಯಲ್ಲ, ಕಾನೂನು. ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರವಿರುವ ಹಕ್ಕು ಫ್ರಾನ್ಸ್‌ನಲ್ಲಿ 2017ರ ಜನವರಿಯಲ್ಲಿ, ಆಸ್ಟ್ರೇಲಿಯದಲ್ಲಿ 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ನಮ್ಮ ಲೋಕಸಭೆಯಲ್ಲೂ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಇಂಥದೇ ಖಾಸಗಿ ಮಸೂದೆ ಮಂಡಿಸಿದ್ದರು, ಅದು ಕಾಯ್ದೆಯಾಗಲಿಲ್ಲ. ಅಷ್ಟು ದೂರ ಹೋಗುವ ಮೊದಲು ಒಂದು ತಾಲ್ಲೂಕಿನ ಮಟ್ಟದಲ್ಲೇ ಮಾಡಬಹುದಾದದ್ದಿದೆ: ಸಂಜೆ ಆರರ ಮೇಲೆ ಗುಂಪಿನಲ್ಲಿ ಹಾಕಿದ ಆದೇಶ ಮರುದಿನ ಹತ್ತಕ್ಕೆ ಬಂದದ್ದೆಂದೇ ಲೆಕ್ಕ ಎಂದು ಅಧಿಕಾರಿಯೊಬ್ಬರು ಬರೆದುಕೊಡಬೇಕು. ಅದಕ್ಕೆ ಖರ್ಚು ಒಂದು ಹಾಳೆ, ಒಂದು ಸಹಿ. ಆಕ್ಷೇಪ ಎತ್ತಿದವರು ಅಂಥ ಅರ್ಜಿ ಬರೆದರೆ ನಾನೂ ಸಹಿ ಹಾಕುತ್ತೇನೆ.